ಗಿಡ್ಡ ಕಾಲಿನ ಕುರ್ಚಿ

ನಮ್ಮ ಪಾಲಿಟೆಕ್ನಿಕ್‌ನಲ್ಲಿ ನಾನು ಅಟೆಂಡರ್. ಕಂಪನಿಯವರು ಬರುವ ಮುಂಚೆ ಹುಡುಗರಿಗೆ ಚನ್ನಕೇಶವಯ್ಯ ಮೇಷ್ಟ್ರು ಇಂಟರ್‌ವ್ಯೂ ಪ್ರಾಕ್ಟೀಸ್ ಮಾಡಿಸುತ್ತಾರೆ. ಅದರಲ್ಲಿ ಫೇಲಾದವರನ್ನು ನಿಜವಾದ ಇಂಟರ್‌ವ್ಯೂಗೆ ಕಳಿಸುವುದೇ ಇಲ್ಲ.

ಈ ಸಲ ಸುಕನ್ಯಾ ಎಲ್ಲ ಪ್ರಶ್ನೆಗೂ ಸರಿಯಾಗಿ ಉತ್ತರ ಹೇಳಿದಳು. ಆದರೂ ಮೇಷ್ಟ್ರು, "ನೆಟ್ಟಗೆ ಕೂರೋಕೇ ಬರಲ್ಲ, ನಿನಗೆ ಯಾರಮ್ಮಾ ಕೆಲಸ ಕೊಡ್ತಾರೆ? ಮಧ್ಯಾಹ್ನ ಇನ್ನೊಂದು ಸಲ ಬಾ, ಅದೇ ಕೊನೆ" ಎಂದು ಗದರಿದರು. ಅವಳು ಕಣ್ಣೊರೆಸಿಕೊಂಡು ಹೊರಗೆ ಬಂದಳು.

ಮೇಷ್ಟ್ರು ಊಟಕ್ಕೆ ಹೋದಾಗ ನಾನು ಅವರ ಕುರ್ಚಿಯನ್ನೂ ಹುಡುಗರ ಕುರ್ಚಿಯನ್ನೂ ಅದಲು ಬದಲು ಮಾಡಿದೆ.

ಮಧ್ಯಾಹ್ನ ಸುಕನ್ಯಾ ಕಂಬದ ಹಾಗೆ ಕೂತಳು. ಮೇಷ್ಟ್ರು ಒಂದು ಪ್ರಶ್ನೆಗೆ ಎಡಕ್ಕೆ ವಾಲಿದರು, ಇನ್ನೊಂದಕ್ಕೆ ಬಲಕ್ಕೆ ವಾಲಿದರು, ಕೊನೆಗೆ ಮೇಜು ಹಿಡಿದುಕೊಂಡರು.

"ಮಾಳಪ್ಪಾ, ಏನಯ್ಯಾ ಈ ಕುರ್ಚಿ?"

"ಒಂದು ಕಾಲು ಗಿಡ್ಡ ಸಾರ್. ಮೂರು ವರ್ಷದಿಂದ ಹುಡುಗರು ಅದರಲ್ಲೇ ಕೂರ್ತಿದ್ರು."

"ಒಬ್ಬರೂ ಯಾಕೆ ಹೇಳಲಿಲ್ಲ?"

"ಇಂಟರ್‌ವ್ಯೂನಲ್ಲಿ ಏನೇ ಆದ್ರೂ ದೂರು ಹೇಳಬಾರದು ಅಂತ ನೀವೇ ಕಲಿಸಿದ್ರಲ್ಲ ಸಾರ್."

ಮೇಷ್ಟ್ರು ಸುಕನ್ಯಾಳ ಹೆಸರಿನ ಮುಂದೆ ಪಾಸ್ ಎಂದು ಬರೆದರು. ಅವಳು ಹೋದ ಮೇಲೆ ಹಳೆಯ ಪಟ್ಟಿಗಳನ್ನು ತೆಗೆದು, 'ಚಡಪಡಿಕೆ ಜಾಸ್ತಿ' ಎಂದು ತಾವೇ ಬರೆದು ಫೇಲ್ ಮಾಡಿದ್ದ ಒಂದೊಂದು ಹೆಸರನ್ನೂ ಬೆರಳಿಟ್ಟು ಓದಿದರು.

"ನಿನಗೆ ಇದು ಯಾವಾಗ ಗೊತ್ತಾಯ್ತು?" ಎಂದು ಕೇಳಿದರು.

"ಮೊದಲನೇ ವರ್ಷವೇ ಸಾರ್."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ಬದಲಾಯಿಸೋಕೆ ನನಗೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ.