ಬಾವಿಕಟ್ಟೆಯ ಹನ್ನೆರಡನೆಯ ನೆರಳು

"ಕೆಂಗೋಟೆಯ ಪ್ರಜೆಗಳೆಲ್ಲ ಕೇಳಿ. ಅರಮನೆಯ ಹಳ್ಳಿಚಿತ್ರದ ಮೇಲೆ ರಾಜಕುಮಾರಿ ಹೇಮಾಂಬೆ ಮೂರು ಒಗಟು ಹಾಕುತ್ತಾಳೆ. ಬಿಡಿಸಿದವನು ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವನಿಗೆ ಹುಣ್ಣಿಮೆಯ ದಿನ ಶೂಲ. ಯಾರೂ ಬಿಡಿಸದಿದ್ದರೆ ಅಂದೇ ಚಿತ್ರವನ್ನು ಸುಡಲಾಗುವುದು."

ಡಂಗುರ ಕೇಳಿದ ಊರು ಶೂಲದ ಮಾತಾಡಿತು. ಅರಮನೆಯಲ್ಲಿ ಬಣ್ಣ ಅರೆಯುವ ಮಾಚನ ಎದೆಗೆ ನಾಟಿದ್ದು ಕೊನೆಯ ಮಾತು. ಹಿಂದುಮುಂದಿಲ್ಲದ ಅವನು ಮೂರು ವರ್ಷದಿಂದ ಮಿಕ್ಕ ಬಣ್ಣದಲ್ಲಿ, ಹರಕು ಬಟ್ಟೆಯ ಮೇಲೆ ಆ ಚಿತ್ರವನ್ನೇ ನಕಲು ಮಾಡುತ್ತ ತೈಲಚಿತ್ರ ಕಲಿಯುತ್ತಿದ್ದ. ಬೇರೆ ಗುರುವಿರಲಿಲ್ಲ. ಬೆಳಗ್ಗೆ ಬಂದವನೇ ಚಿತ್ರದೊಳಗಿನ ಹನ್ನೊಂದು ಜನಕ್ಕೂ ಕೈಮುಗಿಯುತ್ತಿದ್ದ. ದಿನವಿಡೀ ಅವನು ಮಾತಾಡುತ್ತಿದ್ದುದೂ ಅವರೊಂದಿಗೇ.

ಹೇಮಾಂಬೆಯೂ ಅದೇ ಚಿತ್ರದ ಮುಂದೆ ಕೂರುತ್ತಿದ್ದಳು. ಮದುವೆಯ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದಳು. ಚಿತ್ರ ಹೋದರೆ ಮಗಳು ಎದ್ದಾಳೆಂಬುದು ರಾಜನ ಲೆಕ್ಕ. ಒಗಟು ಹಾಕಿಯಾದರೂ ಅದನ್ನು ಉಳಿಸಿಕೊಳ್ಳುವುದು ಅವಳ ಲೆಕ್ಕ.

"ಈ ಊರಿನಲ್ಲಿ ಎಲ್ಲರಿಗಿಂತ ಹಿರಿಯರು ಯಾರು?" ಎಂಬುದು ಅವಳ ಮೊದಲ ಒಗಟು. ಕುದುರೆಯೇರಿ ಬಂದ ಒಬ್ಬ ರಾಜಕುಮಾರ ಚಿತ್ರದ ಮರದಡಿಯ ಮುದುಕನನ್ನು ತೋರಿಸಿದ. ಇನ್ನೊಬ್ಬ, ಬಲು ಜಾಣನಂತೆ, ಮರವನ್ನೇ ತೋರಿಸಿದ. ಇಬ್ಬರಿಗೂ ಬೇಡಿ ಬಿತ್ತು.

ಹುಣ್ಣಿಮೆಯ ಬೆಳಗ್ಗೆ ಮಾಚ ಕೈಯ ಬಣ್ಣ ಒರೆಸಿಕೊಂಡು ಮುಂದೆ ಬಂದ.

"ಆಕಾಶ, ಅಮ್ಮಣ್ಣಿ. ಮೊದಲು ತೆಳ್ಳಗೆ ಬಳಿಯೋದು ಅದನ್ನೇ. ಅದು ಒಣಗಿದ ಮೇಲೇ ಮರ. ತಾತ ಬಂದಿದ್ದು ಎಲ್ಲಾರಿಗಿಂತ ಕೊನೇಲಿ."

ಸಭೆ ನಕ್ಕಿತು. ಹೇಮಾಂಬೆ ನಗಲಿಲ್ಲ. "ಜನ ಹನ್ನೊಂದು, ನೆರಳು ಹನ್ನೆರಡು. ಬಾವಿಕಟ್ಟೆಯ ಆ ನೆರಳು ಯಾರದು?"

"ಚಿತ್ರ ಬರೆದ ತಾಯೀದು. ಮಿಕ್ಕ ಹೆಂಗಸರು ಎಡಸೊಂಟದ ಮೇಲೆ ಬಿಂದಿಗೆ ಹೊತ್ತವ್ರೆ, ಈ ನೆರಳು ಬಲಸೊಂಟದ ಮೇಲೆ. ಹಂಗೆ ಹೊರೋಳು ಎಡಗೈಯೋಳು. ಚಿತ್ರದ ಕುಂಚದ ಗೀಟೆಲ್ಲಾನೂ ಎಡಗೈದೇ. ನಕಲು ಮಾಡೋವಾಗ ನನ್ನ ಬಲಗೈ ಎಷ್ಟು ಒದ್ದಾಡ್ತು ಅಂತ ನಂಗೇ ಗೊತ್ತು."

ಹೇಮಾಂಬೆಯ ಕಣ್ಣು ತುಂಬಿತು. "ಅವಳು ತೀರಿಹೋದ ನನ್ನ ತಾಯಿ. ಇದು ಅವಳ ತವರು. ರಾಣಿಯಾದವಳು ಚಿತ್ರದಲ್ಲಿ ಬಿಂದಿಗೆ ಹೊತ್ತು ನಿಲ್ಲಬಾರದೆಂದು ಅಪ್ಪಾಜಿ ಹೇಳಿದರು. ಅವಳು ತನ್ನನ್ನು ಅಳಿಸಿಕೊಂಡಳು. ಈಗ ಮೂರನೆಯದು: ನೆರಳನ್ನು ಯಾಕೆ ಉಳಿಸಿದಳು?"

ರಾಜ ತಲೆ ತಗ್ಗಿಸಿದ. ಮಾಚ ಚಿತ್ರದ ಹತ್ತಿರ ಹೋದ.

"ಮೊದಲನೇ ನಕಲಲ್ಲಿ ಅದು ತಪ್ಪು ಅಂದ್ಕೊಂಡು ಮುಚ್ಚಿಬಿಟ್ಟೆ ಅಮ್ಮಣ್ಣಿ. ಊರು ಸತ್ತಂಗಾಯ್ತು. ಆಮೇಲೆ ನೋಡ್ದೆ, ಹನ್ನೊಂದು ಜನಾನೂ ಬಾವಿ ಕಡೇನೇ ನೋಡ್ತಾವ್ರೆ. ಊರಿನ ಮಗಳು ಬತ್ತಾಳೆ ಅಂತ ಕಾಯ್ತಾವ್ರೆ. ಕಾಯೋರಿಗೆ ನೆರಳಾದ್ರೂ ಬೇಕಲ್ವಾ. ನಂಗೂ ಯಾರೂ ಇಲ್ಲ, ಅದಕ್ಕೇ ತಿಳೀತು."

ರಾಜ ತಾನೇ ಎದ್ದು ಬಂದು ಏನು ಬೇಕೆಂದು ಕೇಳಿದ. ಮಾಚ ಬೇಡಿಬಿದ್ದ ಇಬ್ಬರ ತಲೆ ಕೇಳಿದ, ಕತ್ತಿನ ಮೇಲೆ ಇದ್ದಂತೆಯೇ. ಆಮೇಲೆ ಚಿತ್ರವನ್ನು ಕೇಳಿದ. ಎರಡೂ ಸಿಕ್ಕವು. ಅವನು ಚಿತ್ರವನ್ನು ಇದ್ದಲ್ಲೇ ಬಿಟ್ಟ.

ಮರುದಿನ ಅವನ ಮಣೆಯ ಪಕ್ಕ ಇನ್ನೊಂದು ಮಣೆ ಬಿತ್ತು. ಹೇಮಾಂಬೆ ಹೊಸ ಬಟ್ಟೆಯ ಮೇಲೆ ಅದೇ ಊರನ್ನು ಬರೆಯತೊಡಗಿದಳು. ಆಕಾಶ ಮುಗಿದ ಸಂಜೆಯೇ ಬಾವಿಕಟ್ಟೆಯ ಜಾಗಕ್ಕೆ ಕುಂಚ ಚಾಚಿದಳು.

"ಇನ್ನೂ ಹಸಿ ಐತೆ ಅಮ್ಮಣ್ಣಿ," ಎಂದ ಮಾಚ. "ನಿಮ್ಮವ್ವ ಬರೋಕೆ ಇನ್ನೂ ಬೋ ದಿನ ಕಾಯ್ಬೇಕು."

ಅವಳು ಕುಂಚ ಕೆಳಗಿಟ್ಟಳು. ಇಬ್ಬರೂ ಕೂತು ಕಾದರು.