ಒಂದು ವರಹದ ಹೊಣೆಪತ್ರ

ತೊಗರಿದುರ್ಗದ ದೊರೆ ಮುದ್ದಪ್ಪನಾಯಕನಿಗೆ ಬೋಂಡ ಕರಿಯುವ ಹುಚ್ಚು. ದೊರೆಗೆ ಯಾಕಪ್ಪಾ ಬಾಣಲೆ ಸಹವಾಸ? ಹೇಳೋರು ಯಾರು! ಹೋದ ವರ್ಷ ಬೋಂಡ ಕರಿಯಲು ಹೋಗಿ ಅರಮನೆಯ ಅಡುಗೆಮನೆಯನ್ನೇ ಸುಟ್ಟುಹಾಕಿದ. ಬೋಂಡ ಮಾತ್ರ ಹಸಿಯಾಗಿಯೇ ಉಳಿಯಿತು.

ಆವತ್ತಿಂದ ಅರಮನೆಗೊಬ್ಬ ಹೊಣೆಗಾರ ಬೇಕೆಂದು ಹಟ ಹಿಡಿದ. ವರ್ಷಕ್ಕಿಷ್ಟು ಅಂತ ಕೊಟ್ಟರೆ, ಮನೆ ಸುಟ್ಟಾಗ ಕಟ್ಟಿಸಿಕೊಡುತ್ತೇವೆಂದು ಪತ್ರ ಬರೆದುಕೊಡುವ ಮೂವರು ಶೆಟ್ಟರು ಸಭೆಗೆ ಬಂದರು. ಭದ್ರಶೆಟ್ಟಿ ನೂರು ವರಹ ಕೇಳಿದ. ಅವನ ಪತ್ರಕ್ಕೆ ಗಂಧದ ಪೆಟ್ಟಿಗೆ, ಚಿನ್ನದ ಅಕ್ಷರ. ಮಲ್ಲಿಶೆಟ್ಟಿ ಇಪ್ಪತ್ತು ಕೇಳಿದ. ಸೂರಿಶೆಟ್ಟಿ ಕೇಳಿದ್ದು ಒಂದೇ ಒಂದು ವರಹ!

"ನೋಡಿದಿರಾ ನನ್ನ ಜಾಣತನ?" ನಾಯಕ ಮೀಸೆ ತಿರುವಿದ. "ಒಂದು ವರಹಕ್ಕೆ ಇಡೀ ಅರಮನೆ! ಸೂರಿಶೆಟ್ಟಿಯ ಪತ್ರಕ್ಕೇ ಮುದ್ರೆ ಒತ್ತುತ್ತೇನೆ."

ಆಸ್ಥಾನದ ವಿದೂಷಕ ಸಿಂಗಣ್ಣ ಸುಮ್ಮನಿರಬಹುದಿತ್ತು. ಸುಮ್ಮನಿರುವ ಜಾತಕವೇ ಅಲ್ಲ ಅವನದು.

"ಶೆಟ್ಟರೇ, ಬೆಂಕಿ ಬಿದ್ದರೆ ಕಟ್ಟಿಸಿಕೊಡುತ್ತೀರಾ?"

"ಖಂಡಿತ!" ಎಂದ ಸೂರಿಶೆಟ್ಟಿ. "ಬೆಂಕಿ ಮುಂಬಾಗಿಲಿಂದ ಬಂದರೆ."

"ಕಳ್ಳ ಬಂದರೆ?"

"ಮೂರು ದಿನ ಮೊದಲೇ ಹೇಳಿಕಳಿಸಿ ಬಂದರೆ."

"ಎಣ್ಣೆ ಬಾಣಲೆ ಹೊತ್ತಿಕೊಂಡರೆ?"

"ಬಾಣಲೆ ತಾನೇ ತಪ್ಪು ಒಪ್ಪಿಕೊಂಡರೆ!"

"ಸಾಕು!" ನಾಯಕ ಗುಡುಗಿದ. "ನನ್ನ ಬಾಣಲೆ ಬಹಳ ಪ್ರಾಮಾಣಿಕ, ಒಪ್ಪಿಕೊಳ್ಳುತ್ತೆ. ಸಿಂಗಣ್ಣಾ, ಮುದ್ರೆ ಬೀಳುವುದರೊಳಗೆ ಈ ಪತ್ರ ಕೆಟ್ಟದ್ದೆಂದು ತೋರಿಸು. ಇಲ್ಲದಿದ್ದರೆ ನಿನ್ನ ಮನೆ ಕೆಡವಿ ಆನೆ ಲಾಯ ಕಟ್ಟಿಸುತ್ತೇನೆ!"

ಹೆಂಡತಿ, ಮಕ್ಕಳು, ಹಿತ್ತಲಿನ ನುಗ್ಗೆಮರ ಎಲ್ಲವೂ ಸಿಂಗಣ್ಣನ ಕಣ್ಣೆದುರು ಬಂದವು. ಮುದ್ರೆಗೆ ಅರಗು ಆಗಲೇ ಕರಗುತ್ತಿತ್ತು. ಅವನು ಕಿಟಕಿಗೆ ಓಡಿ, ಹೊರಗೆ ಇಣುಕಿ ಕಿರುಚಿದ: "ಅಯ್ಯಯ್ಯೋ! ಶೆಟ್ಟರ ಬೀದಿಗೆ ಬೆಂಕಿ ಬಿತ್ತು!"

ಮೂವರ ಮನೆಯೂ ಅದೇ ಬೀದಿಯಲ್ಲಿ. ಸೂರಿಶೆಟ್ಟಿ ಸೊಂಟದಿಂದ ಬೇರೊಂದು ಪತ್ರ ಎಳೆದು ಮಲ್ಲಿಶೆಟ್ಟಿಯ ಬಲಗೈ ಹಿಡಿದುಕೊಂಡ. "ಅಣ್ಣಾ, ನನ್ನ ಮನೆಗೆ ನೀನೇ ಹೊಣೆ! ಬರೆದುಕೊಟ್ಟಿದ್ದೀಯ!"

ಭದ್ರಶೆಟ್ಟಿ ಎಡಗೈ ಹಿಡಿದ. "ನನ್ನ ಮನೆಗೂ ನೀನೇ ಕಣಪ್ಪಾ!"

"ಬಿಡ್ರೋ! ಮೊದಲು ನೀರು ತನ್ನಿ, ಕೊಡ ತನ್ನಿ!" ಎನ್ನುತ್ತ ಮಲ್ಲಿಶೆಟ್ಟಿ ಇಬ್ಬರನ್ನೂ ಎಳೆದುಕೊಂಡೇ ಬಾಗಿಲಿಗೆ ಓಡುತ್ತಿದ್ದ.

"ನಿಲ್ಲಿ, ನಿಲ್ಲಿ. ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ," ಎಂದ ಸಿಂಗಣ್ಣ.

ಮುದ್ರೆ ಹಿಡಿದ ನಾಯಕನ ಕೈ ಅಲ್ಲೇ ನಿಂತಿತು. "ಎಲಾ ಸೂರಿ! ನಿನ್ನ ಮನೆಗೆ ನಿನ್ನ ಪತ್ರ ಸಾಲದೇನೋ?"

"ಬುದ್ಧೀ," ಸೂರಿಶೆಟ್ಟಿ ತಲೆ ಕೆರೆದುಕೊಂಡ, "ನಮ್ಮನೆ ಬಾಣಲೆ ಅಷ್ಟು ಪ್ರಾಮಾಣಿಕ ಅಲ್ಲ."

"ನೋಡಿದಿರಾ ಪ್ರಭು," ಎಂದ ಸಿಂಗಣ್ಣ, "ಎಲೆ ಹಾಕಿಸಿಕೊಳ್ಳುವ ಮೊದಲು ಅಡುಗೆಯವನು ಎಲ್ಲಿ ಉಣ್ಣುತ್ತಾನೆ ಅಂತ ನೋಡಬೇಕು."

ನಾಯಕ ಹೊಟ್ಟೆ ಹಿಡಿದು ನಕ್ಕ. ಮುದ್ರೆ ಮಲ್ಲಿಶೆಟ್ಟಿಯ ಪತ್ರಕ್ಕೆ ಬಿತ್ತು. ಸಿಂಗಣ್ಣನ ಮನೆ ಉಳಿಯಿತು. ಅಷ್ಟಕ್ಕೇ ಬಿಡದೆ ನಾಯಕ, "ತಗೋ ಇನಾಮು! ನನ್ನ ಕೈಯಾರೆ ಕರಿದ ಒಂದು ಬುಟ್ಟಿ ಬೋಂಡ, ಇಲ್ಲೇ ತಿಂದು ಮುಗಿಸು!" ಎಂದ.

ಸಿಂಗಣ್ಣ ಬುಟ್ಟಿ ನೋಡಿದ. ಆಮೇಲೆ ಮೆಲ್ಲಗೆ ಮಲ್ಲಿಶೆಟ್ಟಿಯ ಕಡೆ ತಿರುಗಿದ.

"ಶೆಟ್ಟರೇ, ಹೊಟ್ಟೆಗೂ ಹೊಣೆಪತ್ರ ಬರೆದುಕೊಡುತ್ತೀರಾ?"