ತಿಂಗಳಿಗೊಂದು ಪ್ಲೇಟು

"ಮತ್ತೆ ಬಾಯಿ ಹಾಕಿದೆಯಾ! ಒಂದು ಹಾಡನ್ನಾದರೂ ಕೊನೇತನಕ ಕೇಳೋಕೆ ಬಿಡ್ತೀಯೇನೋ, ಬೆಪ್ಪೇ!"

ಹೀಗೆ ರೇಗಿದವಳು ಚೆನ್ನಾಜಮ್ಮ. ರೇಗಿಸಿಕೊಂಡವನು ಅವಳ ಒಬ್ಬನೇ ಮಗ ಮಲ್ಲೇಶಿ. ಆಳೆತ್ತರ ಬೆಳೆದಿದ್ದ. ಅಮ್ಮ ಹೇಳಿದ್ದನ್ನು ಒಂದಿಷ್ಟೂ ತಪ್ಪದೆ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

"ಅಲ್ಲವ್ವಾ, ಆಗಿಂದ ಗಿರಗಿರ ತಿರುಗ್ತಾ ಇದೆ. ಹಾಡಿನ ಪ್ಲೇಟಿಗೆ ತಲೆ ಸುತ್ತಲ್ವಾ?"

"ನನಗೆ ಸುತ್ತುತ್ತೆ ಕಣೋ, ನಿನ್ನ ಕಟ್ಕೊಂಡು! ಕೇಳಿಸ್ಕೋ. ಪ್ಲೇಟನ್ನ ನಡುವೆ ಮುಟ್ಟಬಾರದು, ಅಂಚು ಹಿಡೀಬೇಕು. ಒಂದು ಬದಿ ಮುಗಿದರೆ ಮಗುಚಿ ಹಾಕಬೇಕು. ಅಷ್ಟೇ ನಿನ್ನ ಕೆಲಸ!"

"ಆಗಲವ್ವಾ."

ತೀರಿಕೊಂಡ ಗಂಡನ ಗ್ರಾಮಫೋನು ಒಂದಿತ್ತು ಮನೆಯಲ್ಲಿ. ಪೇಟೆಯ ಸಂಗೀತ ಸಂಘಕ್ಕೆ ವರ್ಷದ ಚಂದಾ ಕಟ್ಟಿದರೆ ತಿಂಗಳಿಗೊಂದು ಹಾಡಿನ ಪ್ಲೇಟು ಕೊಡುತ್ತಿದ್ದರು. ಸಂಜೆಯಾದರೆ ಕೇರಿಯ ಹೆಂಗಸರು ಹೂವಿನ ಬುಟ್ಟಿ ಹಿಡಿದು ಅವಳ ಜಗಲಿಗೆ ಬರೋರು. ಹಾಡು ಕೇಳುತ್ತ ಮಾಲೆ ಕಟ್ಟೋರು, ನಗೋರು, ಜಗಳ ಆಡೋರು. ಚೆನ್ನಾಜಮ್ಮ ದಿನವೆಲ್ಲ ಆ ಹೊತ್ತಿಗಾಗಿಯೇ ಕಾಯುತ್ತಿದ್ದಳು.

ಮೊದಮೊದಲು ಬಂದ ಪ್ಲೇಟುಗಳೋ, ದೋಸೆಕಲ್ಲಿನ ಹಾಗೆ ಗಟ್ಟಿ! ಬರಬರುತ್ತ ಸಂಘದ ಕೈ ಬಿಗಿಯಾಯಿತು. ಕೊಟ್ಟ ಹಾಡನ್ನೇ ಮತ್ತೆ ಕೊಟ್ಟರು. ಗೀರು ಬಿದ್ದದ್ದು ಕೊಟ್ಟರು.

"ಇದೇನೇ ಚೆನ್ನಾಜಿ, ನಿನ್ನ ಪೆಟ್ಟಿಗೆ ಕೆಮ್ಮುತ್ತೆ!" ಅಂತ ಪಕ್ಕದ ಮನೆ ಪುಟ್ಟನಂಜಿ ಬರೋದು ಬಿಟ್ಟಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು.

"ಈ ತಿಂಗಳಾದರೂ ಒಳ್ಳೇದು ಕೇಳಿ ತಾರೋ" ಅಂತ ಚೆನ್ನಾಜಮ್ಮ ಮಗನನ್ನು ಸಂಘಕ್ಕೆ ಕಳಿಸಿದಳು.

ಅಂಚು ಹಿಡಿ ಅಂದಿದ್ದಳಲ್ಲ! ಮಲ್ಲೇಶಿ ಎರಡು ಕೈಯಲ್ಲೂ ಅಂಚು ಹಿಡಿದು, ಪ್ಲೇಟನ್ನು ತಲೆ ಮೇಲೆ ಎತ್ತಿಕೊಂಡು, ಸುಡುಬಿಸಿಲಲ್ಲಿ ನಡೆದು ಬಂದ. ಮನೆ ಸೇರುವಾಗ ಪ್ಲೇಟು ಕರಿದ ಹಪ್ಪಳ!

"ಅಯ್ಯೋ ದಡ್ಡ! ಒದ್ದೆ ಗೋಣಿಯಲ್ಲಿ ಸುತ್ತಿ ತಣ್ಣಗೆ ತರೋದಲ್ವೇನೋ!"

"ಆಗಲವ್ವಾ, ಮುಂದಿನ ಸಲ ಹಂಗೇ ಮಾಡ್ತೀನಿ."

ಮುಂದಿನ ತಿಂಗಳು ಸಂಘದವನು, "ಈ ಸಲ ಪ್ಲೇಟಿಲ್ಲ, ಹಾಡಿನ ಪುಸ್ತಕ ಇದೆ. ನೀವೇ ಹಾಡ್ಕೊಳ್ಳಿ" ಅಂದ. ಮಲ್ಲೇಶಿ ಪುಸ್ತಕವನ್ನು ಒದ್ದೆ ಗೋಣಿಯಲ್ಲಿ ಸುತ್ತಿದ. ದಾರಿಯಲ್ಲಿ ನಲ್ಲಿ ಕಂಡಲ್ಲೆಲ್ಲ ನಿಂತು ಇನ್ನಷ್ಟು ನೆನೆಸಿದ.

"ಇದೇನೋ! ಇಡ್ಲಿ ಹಿಟ್ಟು ತಂದೆಯಾ? ಕಾಗದಕ್ಕೆ ನೀರು ತಾಗಿಸ್ತಾರೇನೋ! ಮಡಚಿ ಜೇಬಲ್ಲಿ ಇಟ್ಕೊಂಡು ಬರೋದು!"

"ಆಗಲವ್ವಾ!"

ಅದರ ಮುಂದಿನ ತಿಂಗಳು ಪ್ಲೇಟು ಬಂತು. ಎಂಥ ಪ್ಲೇಟು! ಮುತ್ತುಗದ ಎಲೆಯಷ್ಟು ತೆಳು. ಮಲ್ಲೇಶಿ ಒಂದು ಸಲ ಮಡಚಿದ. ಇನ್ನೊಂದು ಸಲ ಮಡಚಿದ. ಟಪ್ ಅಂತು.

"ಜೇಬಿಗೆ ಹಿಡಿಸಿತವ್ವಾ!" ಅಂತ ಬೀಗುತ್ತ ಚೂರುಗಳನ್ನು ಅವಳ ಮಡಿಲಿಗೆ ಸುರಿದ.

ಆ ಸಂಜೆ ಜಗಲಿ ಮೇಲೆ ಒಂದು ಹೂವಿನ ಎಸಳೂ ಇರಲಿಲ್ಲ. ಚೆನ್ನಾಜಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು.

"ಇನ್ನುಳಿದಿರೋದು ಚಂದಾದ ಕಡೇ ತಿಂಗಳು ಕಣೋ ಮಗ. ಬಿಸಿಲಿಗೆ ಹಿಡೀಬೇಡ. ನೆನೆಸಬೇಡ. ಮಡಚಬೇಡ. ಅವರು ಕೊಟ್ಟರು ಅಂತ ತರಲೂಬೇಡ. ನಿನ್ನ ಕಿವಿಯಲ್ಲಿ ಕೇಳು. ಗೀರಿಲ್ಲದೆ, ಕೆಮ್ಮದೆ ಚೆನ್ನಾಗಿ ಹಾಡಿದರೆ ಮಾತ್ರ ಎತ್ಕೊಂಡು ಬಾ!"

ಸಂಘದವನು ಕಡೇ ಪ್ಲೇಟು ಹಾಕಿ ತೋರಿಸಿದ. ಹಾಡಲ್ಲ, ಸಂಘದ ಅಧ್ಯಕ್ಷರ ಭಾಷಣ! ಅದೂ ನಡುನಡುವೆ ಕೆಮ್ಮು.

"ಬ್ಯಾಡ" ಅಂತ ಮಲ್ಲೇಶಿ ಹೊರಗೆ ಬಂದ.

ಎದುರಿಗೆ ಹೊನ್ನಜ್ಜಿ ಅನ್ನೋ ಮುದುಕಿ ತಳ್ಳುಗಾಡಿಯ ಮುಂದೆ ನಿಂತು ಕಡಲೆಕಾಯಿ ಹುರಿಯುತ್ತ, ತನ್ನ ಪಾಡಿಗೆ ಹಾಡಿಕೊಳ್ಳುತ್ತಿದ್ದಳು. ಮಲ್ಲೇಶಿ ಕಿವಿಯಿಟ್ಟು ಕೇಳಿದ. ಗೀರಿಲ್ಲ. ಕೆಮ್ಮಿಲ್ಲ.

"ಅಜ್ಜೀ, ನಮ್ಮವ್ವ ನಿನ್ನ ತರೋಕೆ ಹೇಳಿದಾಳೆ!"

"ಯಾರಪ್ಪಾ ನಿಮ್ಮವ್ವ? ನನ್ನನ್ನ್ಯಾಕೆ?"

"ಹಾಡೋಕೆ!"

ಅಜ್ಜಿಯ ಕೈಯಲ್ಲಿದ್ದ ಸಟ್ಟುಗ ಹಾಗೇ ನಿಂತಿತು. "ಇಷ್ಟು ವಯಸ್ಸಿಗೆ ಮೊದಲನೇ ಸಲ ಕಣಪ್ಪಾ ನನ್ನ ಹಾಡಿಗೆ ಒಂದು ಕರೆ ಬಂದದ್ದು. ನಡಿ" ಅಂತ ಒಲೆ ಆರಿಸಿದಳು.

ಮಲ್ಲೇಶಿ ಅಜ್ಜಿಯನ್ನು ಗಾಡಿ ಮೇಲೆ ಕೂರಿಸಿದ. ಬಿಸಿಲು ತಾಗದ ಹಾಗೆ ಗೋಣಿ ಹೊದಿಸಿದ, ಒಣ ಗೋಣಿ. ದಾರಿಯುದ್ದಕ್ಕೂ, "ಅಜ್ಜೀ, ಮಡಚ್ಕೋಬೇಡ! ಕಾಲು ನೀಡ್ಕೊಂಡು ನೆಟ್ಟಗೆ ಕೂತ್ಕೋ!" ಅಂತ ಕೂಗುತ್ತ ತಳ್ಳಿದ. ಮನೆ ಮುಂದೆ ಎರಡು ಭುಜದ ಅಂಚು ಹಿಡಿದು, ನಡುವೆ ಮುಟ್ಟದೆ, ಜಗಲಿಗೆ ಇಳಿಸಿದ.

"ಅಯ್ಯೋ ನನ್ನ ಕರ್ಮವೇ! ಯಾರ ಮನೆ ಹಿರಿಯರನ್ನ ಹೊತ್ಕೊಂಡು ಬಂದ್ಯೋ!"

"ಬೈಬೇಡ ಕಣವ್ವ" ಅಂದಳು ಹೊನ್ನಜ್ಜಿ. ನೀರು ಕುಡಿದಳು, ಹಾಡು ತೆಗೆದಳು.

ಮೊದಲು ಪುಟ್ಟನಂಜಿ ಬಾಗಿಲಿಂದ ಇಣುಕಿದಳು. ಆಮೇಲೆ ಬುಟ್ಟಿ ತಂದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಜಗಲಿ ತುಂಬ ಮಲ್ಲಿಗೆ, ಜಗಲಿ ತುಂಬ ಜನ. ಚೆನ್ನಾಜಮ್ಮ ಮಗನ ಕೆನ್ನೆ ಸವರಿದಳು.

"ದೇವರು ನಿನಗೆ ಬುದ್ಧಿ ಕೊಡದೇ ಇದ್ದದ್ದೇ ನನ್ನ ಪುಣ್ಯ ಕಣೋ!"

ಹಾಡು ಮುಗಿಯಿತು. ಮಲ್ಲೇಶಿ ತಟ್ಟನೆ ಎದ್ದ. ಅಂಗಿಯ ತೋಳು ಏರಿಸಿಕೊಂಡ. ಅಜ್ಜಿಯ ಎರಡು ಭುಜ ಹಿಡಿದು, ಆ ಕಡೆ ನೋಡಿದ, ಈ ಕಡೆ ನೋಡಿದ. ಕೊನೆಗೆ ತಾಯಿಯ ಕಡೆ ತಿರುಗಿ ಕೇಳಿದ:

"ಅವ್ವಾ, ಈ ಬದಿ ಮುಗೀತು. ಅಜ್ಜೀನ ಮಗುಚಿ ಹಾಕೋದು ಹೆಂಗೆ?"